ಬಾಡಿದ ಹೂವಿಗೆ ಬಂದ ಪರಿಹಾರ

ರಾಗಿಯನ್ನು ಹಗೇವಿನಲ್ಲಿ ಮುಚ್ಚಿಟ್ಟು ವರ್ಷಗಟ್ಟಲೆ ಕಾಯಬಹುದು. ಭತ್ತವನ್ನು ಕಣಜದಲ್ಲಿ ತುಂಬಿ ಒಳ್ಳೆಯ ಧಾರಣೆಗಾಗಿ ಎದುರುನೋಡಬಹುದು. ಹೂವಿಗೆ ಆ ಭಾಗ್ಯವಿಲ್ಲ. ನಸುಕಿನಲ್ಲಿ ಬಿಡಿಸಿದ ಮಲ್ಲಿಗೆ ಅಂದೇ ಪೇಟೆ ಸೇರದಿದ್ದರೆ ಅದಕ್ಕೆ ತಿಪ್ಪೆಯೇ ಗತಿ.

2020ನೆಯ ಇಸವಿಯ ಮಾರ್ಚ್ 25ರಂದು ಶಾರ್ವರಿ ಸಂವತ್ಸರದ ಯುಗಾದಿ. ಶಾರ್ವರಿಯೆಂದರೆ ಇರುಳು. ಹೆಸರಿಗೆ ತಕ್ಕಂತೆ, ಹಿಂದಿನ ನಡುರಾತ್ರಿಯಿಂದಲೇ ಕೊರೋನಾ ವ್ಯಾಧಿಯ ಭಯದಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತ್ತು. ಲಗ್ನ, ತೇರು, ಜಾತ್ರೆಗಳ ಆ ಕಾಲವೇ ಹೂವಿನ ಬೆಳೆಗಾರನಿಗೆ ಸುಗ್ಗಿ. ಆದರೆ ಆ ವರ್ಷ ದೇವಾಲಯಗಳಲ್ಲಿ ಭಕ್ತರಿಲ್ಲ, ಬೀದಿಗಳಲ್ಲಿ ಮದುವೆಯ ಚಪ್ಪರವಿಲ್ಲ. ಬೆಂಗಳೂರಿನ ಪೇಟೆಯನ್ನು ನೆಚ್ಚಿದ್ದ ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ರೈತರಲ್ಲಿ ಅನೇಕರು ಅರಳಿ ನಿಂತ ಗಿಡಗಳ ಮೇಲೆಯೇ ಟ್ರ್ಯಾಕ್ಟರ್ ಹಾಯಿಸಿದರು. ಬಿಡಿಸುವ ಕೂಲಿಯೂ ಹುಟ್ಟದ ಹೂವನ್ನು ಗಿಡದಲ್ಲಿ ಉಳಿಸಿ ಫಲವೇನು?

ಮೇ 6ರಂದು ಮುಖ್ಯಮಂತ್ರಿ ಶ್ರೀ ಬಿ. ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಘೋಷಿಸಿದರು. ಹೂವಿನ ಬೆಳೆಗೆ ಹೆಕ್ಟೇರಿಗೆ 25,000 ರೂಪಾಯಿ, ಅದೂ ಒಂದು ಹೆಕ್ಟೇರಿನ ಮಿತಿಗೆ ಒಳಪಟ್ಟು. ಆ ಬಳಿಕ ಹಣ್ಣು ತರಕಾರಿಗಳಿಗೆ ಹೆಕ್ಟೇರಿಗೆ 15,000, ಮೆಕ್ಕೆಜೋಳದ ರೈತನಿಗೆ ತಲಾ 5,000 ಎಂದು ಸಾರಲಾಯಿತು. ಮರುವರ್ಷ ಎರಡನೆಯ ಅಲೆ ಬಂದಾಗ ಹೂವಿಗೆ ಘೋಷಿತವಾದುದು ಹೆಕ್ಟೇರಿಗೆ 10,000 ಮಾತ್ರ. ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ. ಇಪ್ಪತ್ತು ಗುಂಟೆಯ ಬೆಳೆಗಾರನ ಪಾಲಿಗೆ ಮೊದಲ ವರ್ಷ ಬರತಕ್ಕದ್ದು ಸುಮಾರು 5,000, ಎರಡನೆಯ ವರ್ಷ 2,000 ರೂಪಾಯಿ.

ಮೊತ್ತ ಅಲ್ಪವೆಂಬುದು ಒಂದು ಮಾತು. ಅದು ಯಾರ ಕೈ ಸೇರಿತೆಂಬುದು ಅದಕ್ಕಿಂತ ದೊಡ್ಡ ಮಾತು. ದಲ್ಲಾಳಿಗಳಿಗೆ ಎಡೆಯಿಲ್ಲದಂತೆ ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಸಲ್ಲುವುದು ಮೆಚ್ಚತಕ್ಕ ಏರ್ಪಾಡೇ ಸರಿ. ಆದರೆ ಆ ಖಾತೆಗೆ ದಾರಿ ತೋರಿಸುವುದು ಪಹಣಿ. ತಂದೆ ತೀರಿಕೊಂಡು ವರ್ಷಗಳಾದರೂ ಪೌತಿ ಖಾತೆಯಾಗದ ಮನೆಗಳುಂಟು. ಅದಕ್ಕಿಂತ ಮಿಗಿಲಾಗಿ, ಪರರ ಹೊಲವನ್ನು ಗುತ್ತಿಗೆಗೋ ವಾರಕ್ಕೋ ಹಿಡಿದು ಸಾಲ ತಂದು ಗಿಡ ನೆಟ್ಟವರುಂಟು. ನಷ್ಟ ಅವರದು, ಪಹಣಿಯಲ್ಲಿರುವ ಹೆಸರು ಮಾತ್ರ ಬೇರೆಯವರದು.

ಇಲ್ಲೊಂದು ವಿಪರ್ಯಾಸವಿದೆ. ದೇವರಾಜ ಅರಸರ ಸರ್ಕಾರ ತಿದ್ದಿದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಉಳುವವನನ್ನೇ ಹೊಲದ ಒಡೆಯನನ್ನಾಗಿ ಮಾಡಿತು. ಕೆಲವು ವಿನಾಯಿತಿಗಳ ಹೊರತು ಹೊಸ ಗೇಣಿಯನ್ನು ನಿಷೇಧಿಸಿತು. ಗೇಣಿ ನಿಲ್ಲಲಿಲ್ಲ, ಕಾಗದದಿಂದ ಮಾತ್ರ ಮರೆಯಾಯಿತು. ಅಂದಿನ ಗೇಣಿದಾರನನ್ನು ಕಾಪಾಡಿದ ಕಾಯಿದೆಯೇ ಇಂದಿನ ಗೇಣಿದಾರನನ್ನು ಸರ್ಕಾರದ ಕಣ್ಣಿಗೆ ಕಾಣದವನನ್ನಾಗಿ ಮಾಡಿದೆ.

ನೆರೆಯ ಆಂಧ್ರಪ್ರದೇಶ 2019ರಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿತು. ಭೂಮಿಯ ಒಡೆತನಕ್ಕೆ ಧಕ್ಕೆಯಾಗದಂತೆ ಹನ್ನೊಂದು ತಿಂಗಳ ಮಟ್ಟಿಗೆ ಸಾಗುವಳಿದಾರನಿಗೆ ಬೆಳೆಯ ಹಕ್ಕಿನ ಪತ್ರವನ್ನು ಕೊಡುವ ಕಾನೂನದು. ಆದರೆ ಅದಕ್ಕೂ ಒಡೆಯನ ಒಪ್ಪಿಗೆ ಬೇಕು. ಒಮ್ಮೆ ರುಜು ಹಾಕಿದರೆ ಹೊಲ ಕೈಬಿಟ್ಟೀತೆಂಬ ಹಳೆಯ ಅಂಜಿಕೆ ಅಷ್ಟು ಸುಲಭವಾಗಿ ತೊಲಗುವುದಲ್ಲ.

ನಮ್ಮಲ್ಲಿ ಹೊಲದಲ್ಲಿರುವ ಬೆಳೆ ಯಾವುದೆಂದು ಪ್ರತಿವರ್ಷವೂ ಸಮೀಕ್ಷೆ ನಡೆಯುತ್ತದೆ. ಬೆಳೆದವರು ಯಾರೆಂಬುದನ್ನೂ, ಒಡೆಯನಿಗೆ ಅಂಜಿಕೆಯಾಗದಂತೆ, ಅದರಲ್ಲಿಯೇ ಬರೆದುಕೊಳ್ಳುವ ಉಪಾಯ ಸಿದ್ಧವಾಗಬೇಕು. ಮುಂದಿನ ವಿಪತ್ತು ಬರುವ ಮುನ್ನವೇ ಆಗಬೇಕಾದ ಕೆಲಸವಿದು. ಏಕೆಂದರೆ ಹೂವು ಕಾಯುವುದಿಲ್ಲ.