ಇನ್ಸುಲಿನ್ ಪ್ರತಿರೋಧ: ಊಟ ಕಡಿಮೆ ಮಾಡಿದರೂ ತೂಕ ಏಕೆ ಇಳಿಯುವುದಿಲ್ಲ?

ದಶಲಕ್ಷಣ ಪರ್ವದ ಹತ್ತು ದಿನ ಏಕಾಶನ ಮಾಡಿದರೂ ತೂಕ ಒಂದು ಕಿಲೋ ಕೂಡ ಇಳಿಯಲಿಲ್ಲ ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ವ್ರತವನ್ನು ತೂಕ ಇಳಿಸಲೆಂದು ಯಾರೂ ಮಾಡುವುದಿಲ್ಲ, ಅದು ಬೇರೆ ಮಾತು. ಆದರೆ ಮಾಂಸ, ಮೊಟ್ಟೆ, ಮದ್ಯ ಯಾವುದೂ ಇಲ್ಲದೆ, ರಾತ್ರಿ ಊಟವನ್ನೂ ಬಿಟ್ಟಿರುವವರ ಹೊಟ್ಟೆ ಏಕೆ ಕರಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಬೇಕು. ಉತ್ತರದ ಒಂದು ಭಾಗ ಇನ್ಸುಲಿನ್ ಪ್ರತಿರೋಧದಲ್ಲಿದೆ.

ಊಟವಾದ ಮೇಲೆ ರಕ್ತದಲ್ಲಿ ಏರುವ ಸಕ್ಕರೆಯನ್ನು ಜೀವಕೋಶಗಳ ಒಳಗೆ ಸೇರಿಸುವುದು ಮೇದೋಜೀರಕ ಗ್ರಂಥಿ ಸುರಿಸುವ ಇನ್ಸುಲಿನ್‌ನ ಕೆಲಸ. ಆ ಸಕ್ಕರೆಯ ಬಹುಪಾಲು ಸೇರುವುದು ಸ್ನಾಯುಗಳಿಗೆ. ಸ್ನಾಯು ಮತ್ತು ಲಿವರ್ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳದಿದ್ದಾಗ ಗ್ರಂಥಿಯು ಇನ್ನೂ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಇದೇ ಪ್ರತಿರೋಧ. ವರ್ಷಗಟ್ಟಲೆ ಸಕ್ಕರೆ ಪರೀಕ್ಷೆ ಸರಿಯಾಗಿಯೇ ಬರುತ್ತದೆ, ಒಳಗೆ ಮಾತ್ರ ಗ್ರಂಥಿ ದಣಿಯುತ್ತಿರುತ್ತದೆ. ಇನ್ಸುಲಿನ್‌ಗೆ ಇನ್ನೊಂದು ಕೆಲಸವೂ ಇದೆ: ಕೂಡಿಟ್ಟ ಕೊಬ್ಬು ಹೊರಬರದಂತೆ ತಡೆಯುವುದು. ಬೆಳಿಗ್ಗೆ ಸಿಹಿ ಕಾಫಿ, ಹನ್ನೊಂದಕ್ಕೆ ಬಿಸ್ಕತ್ತು, ಸಂಜೆ ಚಕ್ಕುಲಿ ಎಂದು ದಿನವಿಡೀ ಏನಾದರೂ ಬಾಯಿಗೆ ಬೀಳುತ್ತಿದ್ದರೆ ಇನ್ಸುಲಿನ್ ಇಳಿಯುವುದಕ್ಕೆ ಬಿಡುವೇ ಸಿಗುವುದಿಲ್ಲ.

ಹಾಗೆಂದು ಇನ್ಸುಲಿನ್ ಹೆಚ್ಚಿದ್ದವರಿಗೆ ತೂಕ ಇಳಿಯುವುದೇ ಇಲ್ಲ ಎಂಬ ಮೊಬೈಲ್ ವಿಡಿಯೋಗಳ ಮಾತು ಸರಿಯಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 609 ಜನ ಒಂದು ವರ್ಷ ಎರಡು ಬಗೆಯ ಆಹಾರ ಅನುಸರಿಸಿದರು: ಒಂದು ಗುಂಪಿಗೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಪಿಷ್ಟ ಕಡಿಮೆ. ಎರಡೂ ಗುಂಪುಗಳಲ್ಲಿ ಸರಾಸರಿ 5ರಿಂದ 6 ಕಿಲೋ ಇಳಿಯಿತು. ಯಾರಿಗೆ ಯಾವ ಆಹಾರ ಒಗ್ಗುತ್ತದೆ ಎಂಬುದನ್ನು ಅವರ ದೇಹ ಎಷ್ಟು ಇನ್ಸುಲಿನ್ ಸುರಿಸುತ್ತದೆ ಎಂಬುದರಿಂದ ಮೊದಲೇ ಹೇಳಲಾಗಲಿಲ್ಲ. ಹಾದಿ ನಿಧಾನವಾಗಬಹುದು, ಮುಚ್ಚಿಲ್ಲ.

ಭಾರತೀಯರ ದೇಹದಲ್ಲಿ ಇನ್ನೊಂದು ತೊಡಕಿದೆ. ಪುಣೆಯ ವೈದ್ಯ ಸಿ. ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ದೇಹವನ್ನು ಹೋಲಿಸಿ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ 22.3. ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2! ನೋಡಲು ತೆಳ್ಳಗಿದ್ದರೂ ನಮ್ಮಲ್ಲಿ ಸ್ನಾಯು ಕಡಿಮೆ, ಹೊಟ್ಟೆಯ ಕೊಬ್ಬು ಹೆಚ್ಚು. ಆದ್ದರಿಂದ ತೂಕದ ಯಂತ್ರಕ್ಕಿಂತ ಟೇಪು ಹೆಚ್ಚು ಸತ್ಯ ಹೇಳುತ್ತದೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದ್ದರೆ ಎಚ್ಚರ ಬೇಕು. ಕುತ್ತಿಗೆಯ ಹಿಂಭಾಗ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗುವುದು, ಹೆಣ್ಣುಮಕ್ಕಳಲ್ಲಿ ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಎಂದು ಬರುವುದು ಇವೂ ಪ್ರತಿರೋಧದ ಸುಳಿವುಗಳಾಗಿರಬಹುದು. ಕಪ್ಪು ಕುತ್ತಿಗೆಯನ್ನು ಉಜ್ಜಿ ತೊಳೆದರೆ ಹೋಗುವುದಿಲ್ಲ.

ತೂಕ ಇಳಿಯದಿದ್ದರೂ ಶ್ರಮ ವ್ಯರ್ಥವಲ್ಲ ಎಂಬುದಕ್ಕೆ ಚೆನ್ನೈನ ವೈದ್ಯ ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರ ಪೈಕಿ, ನಡಿಗೆ ಮತ್ತು ಆಹಾರ ಬದಲಾವಣೆ ಮಾಡಿಕೊಂಡ ಗುಂಪಿನಲ್ಲಿ ಕಾಯಿಲೆಗೆ ತುತ್ತಾಗುವ ಸಾಧ್ಯತೆ ಶೇ. 28.5ರಷ್ಟು ತಗ್ಗಿತು. ಅವರ ಸರಾಸರಿ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಊಟವಾದ ಮೇಲೆ ಹದಿನೈದು ನಿಮಿಷ ನಡೆದರೂ ಫಲವಿರುವುದು ಇದೇ ಕಾರಣಕ್ಕೆ.

ಸೂರ್ಯಾಸ್ತದೊಳಗಿನ ಊಟ ಈ ವಿಷಯದಲ್ಲಿ ಅನುಕೂಲವೇ. ದೇಹ ಇನ್ಸುಲಿನ್‌ಗೆ ಬೆಳಿಗ್ಗೆ ಚೆನ್ನಾಗಿ ಸ್ಪಂದಿಸುತ್ತದೆ, ರಾತ್ರಿ ಮಂದವಾಗುತ್ತದೆ. ಆದರೆ ಇಡೀ ದಿನದ ಹಸಿವನ್ನು ಸಂಜೆ ಐದೂವರೆಗೆ ಅನ್ನ, ಪೂರಿ, ಪಾಯಸದಲ್ಲಿ ತೀರಿಸಿದರೆ ಆ ಅನುಕೂಲ ಅಲ್ಲೇ ಕರಗಿತು. ನಮ್ಮ ತಟ್ಟೆಯಲ್ಲಿ ಕೊರತೆಯಿರುವುದು ಪ್ರೋಟೀನ್. ಒಂದು ಹೊತ್ತು ಹೆಸರುಬೇಳೆ ತೊವ್ವೆ ಅಥವಾ ಕಡಲೆಕಾಳಿನ ಪಲ್ಯ, ಇನ್ನೊಂದು ಹೊತ್ತು ಮೊಸರು ಇಲ್ಲವೇ ಪನೀರ್ ಇದ್ದು, ಅಷ್ಟರ ಮಟ್ಟಿಗೆ ಅನ್ನ ತಗ್ಗಿದರೆ ಸಾಕು. ಗೆಡ್ಡೆಗೆಣಸು ಬಿಟ್ಟಿದ್ದೇವೆಂದು ಪಿಷ್ಟವೂ ಬಿಟ್ಟಂತಾಗುವುದಿಲ್ಲ. ಸಾಬೂದಾನಿಯ ಬಹುಪಾಲು ಪಿಷ್ಟವೇ.

ಎಲ್ಲಕ್ಕಿಂತ ಮುಖ್ಯವಾದದ್ದು ಔಷಧಿ. ಇನ್ಸುಲಿನ್ ಚುಚ್ಚುಮದ್ದು ಮತ್ತು ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂತಹ ಮಾತ್ರೆಗಳು ತೂಕ ಏರಿಸಬಲ್ಲವು. ಇವನ್ನು ಎಂದಿನಂತೆ ತೆಗೆದುಕೊಂಡು ಉಪವಾಸವಿದ್ದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಮೂತ್ರ ಹೆಚ್ಚಾಗುವುದರಿಂದ ನೀರೂ ಇಲ್ಲದ ಉಪವಾಸದಲ್ಲಿ ದೇಹ ಒಣಗುತ್ತದೆ, ರಕ್ತ ಆಮ್ಲೀಯವಾಗುವ ಅಪಾಯವೂ ಇದೆ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ತಪ್ಪು. ಪರ್ವಕ್ಕೆ ಎರಡು ವಾರ ಮೊದಲೇ ವೈದ್ಯರನ್ನು ಕಂಡು, ಯಾವ ದಿನ ಏಕಾಶನ, ಯಾವ ದಿನ ಪೂರ್ಣ ಉಪವಾಸ ಎಂದು ತಿಳಿಸಿ ಪ್ರಮಾಣ ಬದಲಿಸಿಕೊಳ್ಳಬೇಕು.

ಉಪವಾಸದ ನಡುವೆ ಬೆವರು, ಕೈನಡುಕ, ಮಾತು ತಡವರಿಸುವುದು ಕಂಡರೆ ಕೂಡಲೇ ಸಕ್ಕರೆ ಪರೀಕ್ಷಿಸಬೇಕು. 70 ಮಿ.ಗ್ರಾಂ.ಗಿಂತ ಕೆಳಗಿದ್ದರೆ ವ್ರತ ಅಲ್ಲಿಗೆ ಮುಗಿಯಿತೆಂದೇ ತಿಳಿದು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷೆ. ಪರೀಕ್ಷಿಸುವ ಯಂತ್ರ ಮನೆಯಲ್ಲಿಲ್ಲದಿದ್ದರೆ ಕಾಯದೆ ಸಕ್ಕರೆ ನೀರು ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.