ತುಂಗಭದ್ರಾ ತೀರದ ಕ್ಲಾರಿಯೋನೆಟ್: ನಾದ ಮತ್ತು ನುಡಿಸಾಣಿಕೆಯ ಭೇದಗಳು

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪರಿಸರವು 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಆಡಳಿತದಲ್ಲಿ ಎರಡಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಆದರೆ ವಾದ್ಯಸಂಸ್ಕೃತಿಯ ದೃಷ್ಟಿಯಿಂದ ಇದು ಒಂದೇ ಪ್ರದೇಶ. ಹಿಂದೂಸ್ತಾನಿ ಮತ್ತು ಕರ್ನಾಟಕ ಪದ್ಧತಿಗಳೆರಡರ ಕೇಳ್ಮೆ ಇಲ್ಲಿ ಬೆರೆತಿದೆ. ಇಂತಹ ಕಡೆ ಕ್ಲಾರಿಯೋನೆಟ್ಟನ್ನು ‘ಶಹನಾಯಿಯ ಬದಲಿ’ ಎಂದು ನಮೂದಿಸಿ ಮುಂದೆ ಸಾಗುವ ದಾಖಲಾತಿಯು ವಾದ್ಯದ ಹೆಸರನ್ನು ಉಳಿಸಿ ವಾದನವನ್ನು ಕಳೆಯುತ್ತದೆ.

ಬದಲಿ ಎಂಬ ಮಾತೇ ಸರಿಯಲ್ಲ. ಶಹನಾಯಿ, ನಾಗಸ್ವರಗಳದ್ದು ಜೋಡಿ ರೀಡ್, ಬಾಯಿಯತ್ತ ಕಿರಿದಾಗಿ ಕೆಳಗೆ ಅಗಲವಾಗುವ ಕೊಳವೆ. ಊದಿನ ಒತ್ತಡ ಹೆಚ್ಚಿದರೆ ಸ್ವರವು ಒಂದು ಸ್ಥಾಯಿ ಮೇಲೇರುತ್ತದೆ. ಕ್ಲಾರಿಯೋನೆಟ್ಟಿನದು ಒಂಟಿ ರೀಡ್, ಬಹುಪಾಲು ಸಮಗಾತ್ರದ ಕೊಳವೆ. ಅಲ್ಲಿ ಸ್ವರ ನೆಗೆಯುವುದು ಹನ್ನೆರಡನೆಯ ಸ್ವರಸ್ಥಾನಕ್ಕೆ, ಅಂದರೆ ಮಂದ್ರದ ಷಡ್ಜದ ಬೆರಳುಗಾರಿಕೆಯೇ ಮೇಲೆ ಪಂಚಮವಾಗುತ್ತದೆ. ಹಾಗಾಗಿ ಕೆಳಗಿನ ನಾದ ತುಂಬು, ನಡುವಣದ್ದು ಬಡಕಲು, ಮೇಲಿನದು ಚುರುಕು. ಈ ಮೂರರಲ್ಲಿ ಯಾವುದನ್ನು ಆಶ್ರಯಿಸುತ್ತಾರೆ ಎಂಬುದರಲ್ಲಿಯೇ ಶೈಲಿಯ ಅರ್ಧ ನಿರ್ಧಾರವಾಗುತ್ತದೆ.

ಮದುವೆಯ ಬ್ಯಾಂಡಿನ ವಾದಕನು ಬೀದಿಯ ಗದ್ದಲವನ್ನೂ ಡ್ರಮ್ಮನ್ನೂ ಮೀರಬೇಕು. ಆತ ಮೇಲಿನ ಸ್ಥಾಯಿಯಲ್ಲಿ, ನಾಲಗೆಯ ಹೊಡೆತದಿಂದ ಸ್ವರಗಳನ್ನು ಬಿಡಿಸಿ, ನಡಿಗೆಯ ಉಸಿರಿಗೆ ಒಗ್ಗುವ ಚಿಕ್ಕ ಖಂಡಗಳಲ್ಲಿ ಚಿತ್ರಗೀತೆ ನುಡಿಸುತ್ತಾನೆ. ಕರ್ನಾಟಕ ಸಂಗೀತದ ಕ್ರಮದಲ್ಲಿ ಸಾಹಿತ್ಯದ ಪದಚ್ಛೇದವೇ ಉಸಿರಿನ ತಾಣವಾಗುತ್ತದೆ. ಬೆರಳಿನಡಿಯ ರಂಧ್ರವನ್ನು ಅರೆ ತೆರೆದು, ತುಟಿ ಸಡಿಲಿಸಿ ಗಮಕ ಹುಟ್ಟಿಸಲಾಗುತ್ತದೆ. ಕೀಲಿಗಳು ಇದಕ್ಕೆ ತೊಡಕು. ಇದೇ ನದೀಸೀಮೆಯ ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಹಿಂದೂಸ್ತಾನಿ ಪದ್ಧತಿಯ ಕ್ಲಾರಿಯೋನೆಟ್ ವಾದನಕ್ಕೆ ಹೆಸರಾದವರು. ಆ ಪದ್ಧತಿ ಬೇಡುವುದು ದೀರ್ಘ ಆಲಾಪವನ್ನು, ಸ್ವರದಿಂದ ಸ್ವರಕ್ಕೆ ಕಡಿಯದ ಮೀಂಡನ್ನು. ಬೀದಿಯಲ್ಲಿ ಗುಣವಾದ ಚೂಪು ಅಲ್ಲಿ ದೋಷ.

ತಂಜಾವೂರು ಪರಂಪರೆಯ ಚಿನ್ನಮೇಳದಲ್ಲಿ 19ನೆಯ ಶತಮಾನದಲ್ಲಿ ಕ್ಲಾರಿಯೋನೆಟ್ ಹಿಡಿದದ್ದು ಮುಖವೀಣೆಯ ಸ್ಥಾನವನ್ನು. ಬಳ್ಳಾರಿ ಸೀಮೆಯ ದೊಡ್ಡಾಟದಲ್ಲಾದರೋ ಮುಖವೀಣೆ ತನ್ನ ಸ್ಥಾನ ಬಿಡಲಿಲ್ಲ. ಭಾಗವತರ ಪದಕ್ಕೆ ಅದರ ಏರುದನಿಯೇ ಒಪ್ಪುತ್ತದೆ. ಬ್ಯಾಂಡುಗಳಲ್ಲಿ ಈಗ ಕ್ಲಾರಿಯೋನೆಟ್ಟಿನ ಜಾಗಕ್ಕೆ ಕೀಬೋರ್ಡ್ ಬರುತ್ತಿದೆ. ಹಾಡಿನ ಪಟ್ಟಿಯನ್ನು ಯಾವಾಗ ಬೇಕಾದರೂ ಬರೆದುಕೊಳ್ಳಬಹುದು. ವಾದಕನು ರೀಡನ್ನು ಎಷ್ಟು ತೆಳುವಾಗಿ ಕೆರೆದ, ಎಲ್ಲಿ ಉಸಿರೆಳೆದ, ನಡುವಣ ಬಡಕಲು ಸ್ವರಗಳನ್ನು ಹೇಗೆ ಜಾರಿ ದಾಟಿದ ಎಂಬುದನ್ನು ಮಾತ್ರ ಆತ ನುಡಿಸುತ್ತಿರುವಾಗಲೇ ಧ್ವನಿಮುದ್ರಿಸಿ, ಕೇಳಿ ಬರೆದುಕೊಳ್ಳಬೇಕು.