ಅವಘಡಕ್ಕೆ ಮೊದಲೇ ಕೂಡಬೇಕಾದ ಸಭೆ

ಹಂಗಾಮಿನಲ್ಲಿ ಕಿತ್ತೂರಿನಿಂದ ಹೆದ್ದಾರಿ ಹಿಡಿದು ಎಂ.ಕೆ. ಹುಬ್ಬಳ್ಳಿ ಕಡೆ ಹೊರಟರೆ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳ ಸಾಲು ಎದುರಾಗುತ್ತದೆ. ಒಂದೊಂದಕ್ಕೂ ಎರಡೆರಡು ಟ್ರೇಲರ್. ಜೋತುಬಿದ್ದ ಕಬ್ಬು ಹಿಂದಿನ ಕೆಂಪು ರಿಫ್ಲೆಕ್ಟರನ್ನೇ ಮುಚ್ಚಿರುತ್ತದೆ. ಈ ಸೀಮೆಯಲ್ಲಿ ದುಡಿಮೆಯ ಅಪಾಯ ಕಾರ್ಖಾನೆಯ ಗೇಟಿನ ಹೊರಗೇ ಶುರು. ಸುರಕ್ಷತಾ ಸಮಿತಿಯ ಕಣ್ಣೂ ಅಲ್ಲಿಂದಲೇ ತೆರೆಯಬೇಕು.

1984ರ ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ 41ಜಿ ಕಲಂ ಸೇರಿತು. ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳಲ್ಲಿ ಆಡಳಿತದವರೂ ಕಾರ್ಮಿಕರೂ ಸಮಸಂಖ್ಯೆಯಲ್ಲಿರುವ ಸಮಿತಿ ಕಡ್ಡಾಯವಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಸಮಿತಿಯಲ್ಲಿ ಕಾರ್ಮಿಕರ ಸಂಖ್ಯೆ ಮಾಲೀಕರ ಕಡೆಯವರಿಗಿಂತ ಕಡಿಮೆ ಇರಬಾರದು ಎನ್ನುತ್ತದೆ. ಕಾನೂನು ಕುರ್ಚಿ ಕೊಟ್ಟಿದೆ. ಆ ಕುರ್ಚಿಯಲ್ಲಿ ಕೂತು ಏನು ಕೇಳಬೇಕು ಎಂಬುದನ್ನು ಕೆಲಸದ ಜಾಗವೇ ಕಲಿಸಬೇಕು.

ಬೈಲಹೊಂಗಲ ಹತ್ತಿಯ ಪೇಟೆ. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಜೊತೆ ಬಂದ ಒಂದು ಕಬ್ಬಿಣದ ಚೂರು ಯಂತ್ರಕ್ಕೆ ಸಿಕ್ಕರೆ ಸಾಕು, ಕಿಡಿ ಹಾರುತ್ತದೆ. ಪಕ್ಕದಲ್ಲಿದ್ದವರು ಕೂಡಲೇ ಹೊಸಕಿ ಆರಿಸಿದರೆ, ‘ಸ್ವಲ್ಪದಾಗ ಉಳೀತು’ ಎಂದು ಮತ್ತೆ ಪಟ್ಟಾ ತಿರುಗುತ್ತದೆ. ಯಾರಿಗೂ ಗಾಯವಿಲ್ಲ, ಆದ್ದರಿಂದ ಯಾವ ದಾಖಲೆಯೂ ಇಲ್ಲ. ಸಮಿತಿ ಕೂಡಬೇಕಾದದ್ದು ಆವತ್ತೇ, ಆ ಯಂತ್ರದ ಬಳಿಯೇ. ಚೂರು ಯಾವ ರಾಶಿಯಿಂದ ಬಂತು? ಅಯಸ್ಕಾಂತ ಅದನ್ನೇಕೆ ಹಿಡಿಯಲಿಲ್ಲ? ಮರಳಿನ ಬಕೆಟ್ ಎಷ್ಟು ಹೆಜ್ಜೆ ದೂರವಿತ್ತು? ‘ತಪ್ಪು ಯಾರದು’ ಎಂದು ಶುರು ಮಾಡಿದರೆ ಮುಂದಿನ ಕಿಡಿಯ ಸುದ್ದಿ ಯಾರೂ ಹೇಳುವುದಿಲ್ಲ.

ಸವದತ್ತಿ ತಾಲ್ಲೂಕಿನ ಮುನವಳ್ಳಿಯೂ ಸಕ್ಕರೆಯ ಊರು. ಕಬ್ಬು ನುರಿಸುವುದು ನಿಂತಿತೆಂದು ಸಕ್ಕರೆ ಕಾರ್ಖಾನೆಯಲ್ಲಿ ಅಪಾಯ ನಿಲ್ಲದು. ಹಂಗಾಮು ಮುಗಿದ ಮೇಲೆಯೇ ಟಾಕಿಗಳಿಗೆ ಇಳಿದು ತೊಳೆಯುವ, ವೆಲ್ಡಿಂಗ್ ಮಾಡುವ ಕೆಲಸ. ಉಳಿದ ಕಾಕಂಬಿ ಹುದುಗಿದರೆ ಇಂಗಾಲದ ಡೈಆಕ್ಸೈಡ್ ತಳದಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಒಬ್ಬ ಕುಸಿದರೆ ಎತ್ತಲು ಇಳಿದವನೂ ಕುಸಿಯುತ್ತಾನೆ. ಗಾಳಿ ಪರೀಕ್ಷಿಸದೆ, ಮೇಲೆ ಕಾವಲಿಗೊಬ್ಬರನ್ನು ನಿಲ್ಲಿಸದೆ ಯಾರನ್ನೂ ಒಳಗೆ ಬಿಡಬಾರದು. ಇಂಥ ಕೆಲಸಕ್ಕೆ ಇಳಿಯುವವರಲ್ಲಿ ಗುತ್ತಿಗೆಯವರೂ ಇರುತ್ತಾರೆ. ಅವರಿಲ್ಲದ ಸಮಿತಿಗೆ ಟಾಕಿಯ ತಳ ಕಾಣಿಸುವುದಾದರೂ ಹೇಗೆ?

ರಾಮದುರ್ಗದ ನೇಕಾರರ ಓಣಿಗಳಲ್ಲಿ ಲಾಳಿಯ ಸಪ್ಪಳಕ್ಕೆ ಪಕ್ಕದವರ ಮಾತೂ ಕೇಳದು; ಸನ್ನೆಯಲ್ಲೇ ವ್ಯವಹಾರ. ಮನೆಯೊಳಗಿನ ನಾಲ್ಕಾರು ಮಗ್ಗಗಳಿಗೆ ಕಾರ್ಖಾನೆಯ ಕಾನೂನು ಮುಟ್ಟುವುದಿಲ್ಲ. ಆದರೆ ಓಣಿಯವರು ತಿಂಗಳಿಗೊಮ್ಮೆ ಕೂಡಿ ಕಿವಿಯ ರಕ್ಷಣೆ, ತೆರೆದ ವೈರು, ಹಾರಿ ಬರುವ ಲಾಳಿಗೆ ತಡೆ, ಇವನ್ನು ಮಾತಾಡಿಕೊಳ್ಳಲು ಯಾವ ಆದೇಶವೂ ಬೇಕಿಲ್ಲ.

ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದ ಪ್ರತಿಜ್ಞೆ ಒಳ್ಳೆಯದೇ. ಅದಕ್ಕಿಂತ ದೊಡ್ಡ ಕೆಲಸ, ಸ್ವಲ್ಪದರಲ್ಲಿ ತಪ್ಪಿದ ಪ್ರತಿ ಅನಾಹುತವನ್ನು ಕನ್ನಡದಲ್ಲಿ ಬರೆದು, ಪಾಳಿ ಬದಲಾಗುವ ಹೊತ್ತಿಗೆ ಓದಿ ಹೇಳುವುದು. ಏನು ಸರಿಪಡಿಸಿದೆವು ಎಂಬುದನ್ನು ಮುಂದಿನ ಸಭೆಯಲ್ಲಿ ಮೊದಲು ಕೇಳುವುದು. ಹೇಳಿದ ಮಾತಿಗೆ ಬೆಲೆ ಬಂತು ಎಂದು ಕಂಡರೆ ಮಾತ್ರ ಕಾರ್ಮಿಕ ಮತ್ತೆ ಬಾಯಿ ಬಿಡುತ್ತಾನೆ.